ಗೀಸರ್ ಇದ್ದದ್ದು ಯುಟಿಲಿಟಿಯಲ್ಲಿ, ಹೊಗೆ ಬಂದದ್ದು ಬಚ್ಚಲಿಗೆ

ಗ್ಯಾಸ್ ಗೀಸರನ್ನು ಬಚ್ಚಲಿನಿಂದ ತೆಗೆಸಿ ಯುಟಿಲಿಟಿಗೆ ಹಾಕಿಸಿದ್ದೇವೆ, ಇನ್ನು ಭಯವಿಲ್ಲ ಅಂದುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹಾಗೆಯೇ ಅಂದುಕೊಂಡಿದ್ದ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಸ್ನಾನಕ್ಕೆ ಹೋದ ಹುಡುಗಿಯನ್ನು ಬಾಗಿಲು ಒಡೆದು ಎತ್ತಿಕೊಂಡು ಬರಬೇಕಾಯಿತು. ಜೀವ ಉಳಿಯಿತು. ಎಲ್ಲ ಮನೆಗಳಲ್ಲೂ ಉಳಿಯುವುದಿಲ್ಲ.

ಆ ಮನೆ ಕಟ್ಟಿದಾಗ ಯುಟಿಲಿಟಿಗೆ ಬರೀ ಗ್ರಿಲ್ ಇತ್ತು. ಅಲ್ಲಿಯ ಗೋಡೆಗೆ 6 ಲೀಟರ್ (ಅಂದರೆ ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ) ಗೀಸರ್ ಹಾಕಿದರು, ಹೊಗೆ ಕೊಳವೆ ಇಲ್ಲದ ಮಾಡೆಲ್. ಆಮೇಲೆ ಪಾರಿವಾಳದ ಕಾಟ, ಧೂಳು ಅಂತ ಗ್ರಿಲ್ಲಿಗೆ ಸ್ಲೈಡಿಂಗ್ ಗಾಜು ಕೂರಿಸಿದರು. ಬಚ್ಚಲಿನ ವೆಂಟಿಲೇಟರ್ ತೆರೆದುಕೊಳ್ಳುವುದು ಇದೇ ಯುಟಿಲಿಟಿಗೆ, ಗೀಸರಿನಿಂದ ಎರಡಡಿ ಮೇಲೆ. ತೇವ ಹೋಗಲೆಂದು ಬಚ್ಚಲಿನ ಎದುರು ಗೋಡೆಗೆ ಆರಿಂಚಿನ ಎಕ್ಸಾಸ್ಟ್ ಫ್ಯಾನ್ ಬಂತು. ಚಳಿಗಾಲದ ಬೆಳಿಗ್ಗೆ ಗಾಜು ಮುಚ್ಚಿತ್ತು, ಬಚ್ಚಲಿನ ಬಾಗಿಲು ಹಾಕಿತ್ತು, ಫ್ಯಾನ್ ಓಡುತ್ತಿತ್ತು. ಹೊರಗೆ ತಳ್ಳಿದಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಬಾಗಿಲ ಕೆಳಗಿನ ಅರ್ಧ ಇಂಚು ಸಂದು ಸಾಲದೆ ಫ್ಯಾನ್ ವೆಂಟಿಲೇಟರಿನಿಂದ ಎಳೆಯಿತು. ಗೀಸರಿನ ನೆತ್ತಿಯಿಂದ ಏಳುತ್ತಿದ್ದ ಹೊಗೆಯನ್ನು ಸ್ನಾನ ಮಾಡುವವರ ಮೂಗಿಗೇ ತಂದುಕೊಟ್ಟಿತು. ಮೊದಲು ಸ್ನಾನ ಮಾಡಿದ ಅಜ್ಜಿಗೆ ತಲೆನೋವು, ವಾಕರಿಕೆ. ಪಿತ್ತ ಅಂದುಕೊಂಡರು. ಎರಡನೆಯವಳು ಬಿದ್ದಳು.

ಎರಡನೆಯವರಿಗೇ ಯಾಕೆ ಜೋರಾಗಿ ತಗಲುತ್ತದೆ ಅನ್ನುವುದಕ್ಕೆ ಲೆಕ್ಕ ಇದೆ. 6 ಲೀಟರ್ ಗೀಸರ್ ಸುಮಾರು 12 ಕಿಲೋವಾಟ್ ಒಲೆ. ಗಂಟೆಗೆ ಸುಮಾರು 900 ಗ್ರಾಂ ಎಲ್‌ಪಿಜಿ ಉರಿಸುತ್ತದೆ, ಅದಕ್ಕೆ ಕಡಿಮೆಯೆಂದರೂ 11–12 ಘನ ಮೀಟರ್ ಗಾಳಿ ಬೇಕು. 10 ನಿಮಿಷದ ಸ್ನಾನಕ್ಕೆ ಸುಮಾರು 2 ಘನ ಮೀಟರ್. 4 ಅಡಿ ಅಗಲ, 6 ಅಡಿ ಉದ್ದ, 9 ಅಡಿ ಎತ್ತರದ ಯುಟಿಲಿಟಿಯಲ್ಲಿ ಇರುವ ಗಾಳಿಯೇ 6 ಘನ ಮೀಟರ್. ಹೊಸ ಗಾಳಿ ಬರದಿದ್ದರೆ ಒಬ್ಬರ ಸ್ನಾನಕ್ಕೆ ಮೂರನೇ ಒಂದು ಪಾಲು ಹೋಯಿತು. ಉರಿ ತಾನು ಬಿಟ್ಟ ಹೊಗೆಯನ್ನೇ ಮತ್ತೆ ಎಳೆದುಕೊಳ್ಳತೊಡಗುತ್ತದೆ, ಗ್ಯಾಸ್ ಅರೆಬರೆ ಉರಿಯುತ್ತದೆ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸೋರಿದರೆ ಗೊತ್ತಾಗಲೆಂದು ಎಲ್‌ಪಿಜಿಗೆ ಬೆರೆಸಿರುವ ಕಟು ವಾಸನೆ ಉರಿಯಲ್ಲಿ ಸುಟ್ಟುಹೋಗಿರುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕೆ ಅಂಟಿಕೊಳ್ಳುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲಕ್ಕೆ ಅಂಟಿಕೊಳ್ಳುತ್ತದೆ. ದೇಹಕ್ಕೆ ಆಮ್ಲಜನಕ ಸಾಲದೆ ಕಾಲಿನ ಶಕ್ತಿ ಕುಂದುವುದರಿಂದ ಚಿಲಕದವರೆಗೆ ತಲುಪುವುದೂ ಆಗದೇ ಹೋಗಬಹುದು.

ಹೊಗೆ ಕೊಳವೆ ಇಲ್ಲದ ಗೀಸರ್ ಇದ್ದರೆ ಅದರ ಜಾಗ ಒಂದು ಕಡೆಯಾದರೂ ಪೂರ್ತಿ ಬಯಲಿಗೆ ತೆರೆದಿರಬೇಕು. ಪಾರಿವಾಳಕ್ಕೆ ಬಲೆ ಸಾಕು, ಗಾಜು ಬೇಡ. ಬಚ್ಚಲಿನ ವೆಂಟಿಲೇಟರ್ ಆ ಕಡೆಗಿದ್ದರೆ ಸಿಮೆಂಟ್ ಹಾಕಿ ಮುಚ್ಚಿಸಿ, ಬೇರೆ ಗೋಡೆಯಲ್ಲಿ ತೆರೆಸಿ. ಗಾಜು ಬೇಕೇ ಬೇಕು ಅನ್ನುವವರು ಹೊಗೆ ಕೊಳವೆ ಇರುವ ಮಾಡೆಲ್ಲಿಗೆ ಬದಲಿಸಬೇಕು. ಆಗಲೂ ಮುಚ್ಚಲು ಬಾರದ ಎರಡು ತೆರಪು ಬೇಕು: ನೆಲದಿಂದ ಒಂದಡಿಯೊಳಗೆ ಒಂದು, ಸೂರಿನಿಂದ ಒಂದಡಿಯೊಳಗೆ ಇನ್ನೊಂದು, ತಲಾ 12 ಇಂಚು ಅಗಲ, 9 ಇಂಚು ಎತ್ತರ. ಸೊಳ್ಳೆ ಜಾಲರಿ ಬಿಗಿಯಬೇಡಿ, ಧೂಳು ಹಿಡಿದು ಕೆಲವೇ ತಿಂಗಳಲ್ಲಿ ಗೋಡೆಯಂತಾಗುತ್ತದೆ.

ಕೊಳವೆಯಲ್ಲಿ ಆಗುವ ತಪ್ಪುಗಳು ಇದಕ್ಕಿಂತ ಕೆಟ್ಟವು. ಪ್ಲಂಬರ್ ಕೈಯಲ್ಲಿ ಪಿವಿಸಿ ಪೈಪ್ ಇದ್ದೇ ಇರುತ್ತದೆ, ಅದನ್ನೇ ಸಿಕ್ಕಿಸಿಬಿಡುತ್ತಾರೆ. ಪಿವಿಸಿ 80 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಗೀಸರಿನ ಹೊಗೆ 150 ಡಿಗ್ರಿ ದಾಟಬಲ್ಲದು. ಪೈಪ್ ಬಾಗಿ ಜಾಯಿಂಟ್ ಬಿಟ್ಟುಕೊಂಡರೆ ಹೊಗೆಯೆಲ್ಲ ಒಳಗೆ. ಕಂಪನಿ ಹೇಳಿದ ಅಳತೆಯ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಯನ್ನೇ ಹಾಕಿಸಿ, ಗೀಸರಿನ ಬಾಯಿಗಿಂತ ಸಣ್ಣದು ಯಾವತ್ತೂ ಬೇಡ. ಗೀಸರಿನೊಳಗೇ ಫ್ಯಾನ್ ಇಲ್ಲದ ಮಾಡೆಲ್ಲಿನಲ್ಲಿ ಬಿಸಿ ಹೊಗೆ ತಾನಾಗಿ ಮೇಲೇರಬೇಕು, ಆದ್ದರಿಂದ ಕೊಳವೆ ಉದ್ದಕ್ಕೂ ಏರುಮುಖ. ಫ್ಯಾನ್ ಇರುವ ಮಾಡೆಲ್ಲಿನಲ್ಲಿ ಹೊರಗಿನ ತುದಿ ತುಸು ಇಳಿಜಾರಾಗಿರಬೇಕು, ಮಳೆನೀರೂ ಹಬೆಯ ಹನಿಯೂ ಗೀಸರಿನೊಳಗೆ ಹರಿಯಬಾರದು. ಕಿಚನ್ ಚಿಮಣಿಯ ಪೈಪಿಗೆ ಸೇರಿಸಬೇಡಿ. ಬಚ್ಚಲುಗಳ ಶಾಫ್ಟಿಗೂ ಬಿಡಬೇಡಿ, ಮೇಲಿನ ಮಹಡಿಯವರ ವೆಂಟಿಲೇಟರ್‌ಗಳೂ ಅಲ್ಲಿಗೇ ತೆರೆದುಕೊಂಡಿರುತ್ತವೆ.

ಉರಿ ನೀಲಿಯಾಗಿರಬೇಕು. ಹಳದಿ ನಾಲಿಗೆ ಕಂಡರೆ, ಗೀಸರಿನ ಮೇಲ್ಭಾಗಕ್ಕೆ ಮಸಿ ಹಿಡಿದಿದ್ದರೆ ಅವತ್ತೇ ನಿಲ್ಲಿಸಿ. ಬರ್ನರಿನ ಗಾಳಿ ರಂಧ್ರದಲ್ಲಿ ಜೇಡರ ಬಲೆ ಕಟ್ಟಿದ್ದರೂ, ಮೇಲಿನ ತಾಮ್ರದ ಪಟ್ಟಿಗಳ ಸಂದಿಗೆ ಮಸಿ ತುಂಬಿದ್ದರೂ ಹೀಗಾಗುತ್ತದೆ. ವರ್ಷಕ್ಕೊಮ್ಮೆ, ಚಳಿಗಾಲಕ್ಕೆ ಮುಂಚೆ ಬಿಚ್ಚಿ ತೊಳೆಸಿ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಮೊದಲು ಗ್ಯಾಸ್ ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚಿ ಸೋರಿಕೆ ನೋಡಿ. ಸೋರಿಕೆಯೋ ವಾಸನೆಯೋ ಇದ್ದರೆ ಮುಂದಿನದನ್ನು ಮಾಡಲೇಬೇಡಿ. ಇಲ್ಲದಿದ್ದರೆ ಕಿಟಕಿ ಬಾಗಿಲು ಹಾಕಿ, ಬಚ್ಚಲಿನ ಫ್ಯಾನ್, ಕಿಚನ್ ಚಿಮಣಿ ಎರಡನ್ನೂ ಓಡಿಸಿ. ಗೀಸರ್ ಹಚ್ಚದೆಯೇ ಊದುಬತ್ತಿಯನ್ನು ವೆಂಟಿಲೇಟರಿನ ಹತ್ತಿರ, ಗೀಸರಿನ ಮೇಲೆ, ಕೊಳವೆಯ ಬುಡದಲ್ಲಿ ಹಿಡಿಯಿರಿ. ಹೊಗೆ ಬಚ್ಚಲಿನ ಕಡೆಗೋ ಮನೆಯೊಳಕ್ಕೋ ಬಾಗಿದರೆ ಆ ಗೀಸರನ್ನು ಬಳಸಬೇಡಿ.

ಎಲ್‌ಪಿಜಿ ಸೋರಿಕೆ ಅಲಾರಂ ಈ ವಿಷಕ್ಕೆ ಕೂಗುವುದಿಲ್ಲ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇರೆಯೇ, ಇಎನ್ 50291 (ಇಂಥ ಅಲಾರಂಗಳ ಯುರೋಪಿಯನ್ ಮಾನದಂಡ) ಗುರುತು ಇರುವುದನ್ನು ಕೇಳಿ. ಅದು 300 ಪಿಪಿಎಂನಲ್ಲಿ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ಅನಿಲ 300 ಪಾಲಿದ್ದರೆ, 3 ನಿಮಿಷದೊಳಗೆ ಕೂಗಬೇಕು. ಅನೇಕ ಗೀಸರುಗಳಲ್ಲಿ 20 ನಿಮಿಷಕ್ಕೆ ಉರಿ ತಾನಾಗಿ ಆರುವ ಟೈಮರ್ ಇರುತ್ತದೆ, ಅದನ್ನು ನಂಬಿ ಕೂರಬೇಡಿ. ಅದು ಎಣಿಸುವುದು ಹೊತ್ತನ್ನು, ಗಾಳಿಯನ್ನಲ್ಲ.

ಒಳಗಿನವರು ಕೂಗಿದರೆ ಓಗೊಡದಿದ್ದಾಗ ಕಾಯಬೇಡಿ. ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ತೆರೆದು, ಉಸಿರು ಬಿಗಿಹಿಡಿದು ಹೋಗಿ ಬಯಲಿಗೆ ಎಳೆದು ತನ್ನಿ, 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ಮೊದಲ ಮಾತೇ 'ಗ್ಯಾಸ್ ಗೀಸರ್' ಆಗಿರಲಿ. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್ ವಿಷ ಏರಿದವರಲ್ಲೂ 98 ತೋರಿಸಬಲ್ಲದು, ಅದನ್ನು ನೋಡಿ ಮನೆಗೆ ಕರೆತರಬೇಡಿ. ರಕ್ತದಲ್ಲಿ ಕಾರ್ಬಾಕ್ಸಿಹಿಮೋಗ್ಲೋಬಿನ್ (ಈ ಅನಿಲ ಅಂಟಿಕೊಂಡ ಹಿಮೋಗ್ಲೋಬಿನ್) ಪರೀಕ್ಷೆ ಕೇಳಿ. ಬರೀ ಗಾಳಿಯಲ್ಲಿ ಈ ವಿಷ ಅರ್ಧಕ್ಕಿಳಿಯಲು 4ರಿಂದ 6 ಗಂಟೆ ಬೇಕು, ಮಾಸ್ಕಿನಲ್ಲಿ ಪೂರ್ತಿ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯ ಒಳಗೆ. ಚೇತರಿಸಿಕೊಂಡವರಲ್ಲೂ ಕೆಲವು ವಾರಗಳ ನಂತರ ಮರೆವು, ನಡಿಗೆಯಲ್ಲಿ ತಡವರಿಕೆ ಕಾಣಿಸಬಹುದು. ಕಂಡರೆ ನರರೋಗ ತಜ್ಞರಿಗೆ ತೋರಿಸಿ, ಗೀಸರಿನ ವಿಷಯ ಆಗಲೂ ಹೇಳಿ.