ಸಿಮೆಂಟ್ ಶೀಟೋ, ತಗಡೋ, ಹೆಂಚೋ?

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಮೂರೂ ಬಗೆಯ ಮಾಡು ಇದ್ದವು. ಮನೆಗೆ ಮಂಗಳೂರು ಹೆಂಚು, ಕೊಟ್ಟಿಗೆಗೆ ಸಿಮೆಂಟ್ ಶೀಟು, ಅಡಿಕೆ ಕೋಣೆಗೆ ಬಣ್ಣದ ತಗಡು.

ಸುಖದ ಲೆಕ್ಕ ಹಾಕಿದರೆ ಶೀಟು ತಗಡಿಗಿಂತ ಎಷ್ಟೋ ಮೇಲು. ಜುಲೈ ಮಳೆಯಲ್ಲಿ ತಗಡಿನ ಕೆಳಗೆ ನಿಂತರೆ ಪಕ್ಕದವರ ಮಾತೂ ಕೇಳುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಒಲೆ ಮುಂದೆ ಕೂತ ಹಾಗೆ. ಶೀಟಿಗೆ ತುಕ್ಕಿಲ್ಲ, ಗಂಜಲದ ಆವಿಗೂ ಅದು ಜಗ್ಗುವುದಿಲ್ಲ. ಅಪ್ಪ ಹಾಕಿಸಿದ್ದು ಮೂವತ್ತು ವರ್ಷ ಬಾಳಿತು.

ಆದರೆ ಅದರೊಳಗೆ ಸಿಮೆಂಟಿನ ಜೊತೆ ಸುಮಾರು ಹತ್ತರಲ್ಲೊಂದು ಪಾಲು ಬಿಳಿ ಕಲ್ನಾರು ಇರುತ್ತದೆ, ಅದೇ ಆಸ್ಬೆಸ್ಟಾಸ್. ಶೀಟು ಗಟ್ಟಿಯಾಗಿರುವ ತನಕ ನಾರು ಸಿಮೆಂಟಿನಲ್ಲೇ ಸಿಕ್ಕಿಕೊಂಡಿರುತ್ತದೆ. ಕೊಯ್ದಾಗ, ತೂತು ಕೊರೆದಾಗ, ಒಡೆದಾಗ ಏಳುವ ಪುಡಿಯೇ ಅಪಾಯ. ಕಣ್ಣಿಗೆ ಕಾಣದ ಎಳೆ ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಶ್ವಾಸಕೋಶ ಗಾಯಗೊಂಡು ಗಟ್ಟಿಯಾಗುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಅದರ ಪೊರೆಗೆ ಬರುವ ಕ್ಯಾನ್ಸರ್ ಮೆಸೋಥೀಲಿಯೋಮಾ, ಯಾವುದೂ ಮರುದಿನ ಬರುವುದಲ್ಲ. 20ರಿಂದ 40 ವರ್ಷ ಹಿಡಿಯಬಹುದು. ಬೀಡಿ ಚಟವೂ ಇದ್ದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಜಾಸ್ತಿ. ಬ್ರಿಟನ್ 1999ರಲ್ಲೇ ಬಿಳಿ ಕಲ್ನಾರನ್ನೂ ನಿಷೇಧಿಸಿತು. ನಾವು ಇವತ್ತಿಗೂ ರಷ್ಯಾದಿಂದ ತರಿಸಿ ಶೀಟು ಮಾಡುತ್ತೇವೆ!

ಅಪ್ಪ ಕೊಟ್ಟಿಗೆ ಕಟ್ಟಿಸುವಾಗ ಗರಗಸದ ತುದಿಯಲ್ಲಿ ಶೀಟು ಹಿಡಿದುಕೊಂಡವನು ನಾನೇ. ಬಿಳಿ ಪುಡಿಯನ್ನು ಹಿಡಿಯಲ್ಲಿ ಗುಡಿಸಿದವನೂ ನಾನೇ. ಮೂಗಿಗೆ ಒಂದು ಟವೆಲೂ ಇರಲಿಲ್ಲ. ಸುಮ್ನೆ ಲೆಕ್ಕ ಹಾಕಿದರೆ ಮೂವತ್ತು ವರ್ಷ ಈಗ ತಾನೇ ತುಂಬಿದೆ, ಅಲ್ವಾ?

ಹೆಂಚಿನ ತಕರಾರು ಬೇರೆ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಆ ಹೆಂಚು ತಂಪಿಗೆ ಒಳ್ಳೆಯದೇ, ಒಂದು ಒಡೆದರೆ ಒಂದನ್ನೇ ಬದಲಿಸಬಹುದು. ಒಡೆಯಲು ಮಂಗಗಳಿವೆ. ಹೆಂಚನ್ನು ಹೊರುವ ಮರದ ಪಕಾಸು, ರೀಪಿನ ಖರ್ಚಂತೂ ಕೇಳಲೇಬೇಡಿ.

ಹೋದ ಬೇಸಿಗೆಯಲ್ಲಿ ಕೊಟ್ಟಿಗೆಯ ಶೀಟು ಇಳಿಸಿ ತಗಡು ಹಾಕಿಸಿದೆ. ಮಾಡನ್ನು ಎರಡಡಿ ಎತ್ತರಿಸಿ, ಬಿಸಿಲಿಗೆ ಮೇಲೆ ಅಡಿಕೆ ಸೋಗೆ ಹೊದಿಸಿದ್ದೇನೆ. ದನಗಳಿಗೆ ಈಗ ಪರವಾಗಿಲ್ಲ, ಮಳೆ ಸದ್ದಿಗೆ ಮಾತ್ರ ಬೆದರುತ್ತವೆ. ಶೀಟು ಇಳಿಸುವ ಮೊದಲು ಪೈಪಿನಲ್ಲಿ ನೀರು ಬಿಟ್ಟು ನೆನೆಸಿದೆವು. ಬೋಲ್ಟು ಬಿಚ್ಚಿ, ಒಂದನ್ನೂ ಒಡೆಯದೆ ಕೆಳಗಿಟ್ಟೆವು.

ಆ ಶೀಟುಗಳನ್ನು ಪಕ್ಕದ ಮನೆಯವರು ಕೋಳಿಗೂಡಿಗೆ ಕೇಳಿದರು. ಕೊಡಲಿಲ್ಲ. ಗೂಡಿನ ಅಳತೆಗೆ ಕೊಯ್ಯುವವರೇ ಅವರು. ಹಾಗಾಗಿ ಹಿತ್ತಲಲ್ಲಿ ಟಾರ್ಪಾಲಿನಡಿ ಮಲಗಿವೆ, ಅವರಿಗೆ ಇನ್ನೂ ಸಿಟ್ಟಿದೆ.