ಏಳು ಕಿಲೋ, ನಾಲ್ಕು ಬ್ಯಾಗು: ಕಾಸರಗೋಡಿನಿಂದ ಹೊರಡುವವರಿಗೆ ಯಾವುದು ಸರಿ?

ಕಾಸರಗೋಡು ಜಿಲ್ಲೆಯಲ್ಲಿ ವಿಮಾನ ನಿಲ್ದಾಣ ಇಲ್ಲ. ಉತ್ತರಕ್ಕೆ ಹೊರಟರೆ ಮಂಗಳೂರಿನ ಬಜಪೆ, ದಕ್ಷಿಣಕ್ಕೆ ಹೊರಟರೆ ಕಣ್ಣೂರಿನ ಮಟ್ಟನ್ನೂರು. ಪೆರ್ಲದವರಾಗಲಿ ಮುಳ್ಳೇರಿಯದವರಾಗಲಿ ವಿಮಾನ ಹತ್ತುವ ಮೊದಲು ಬ್ಯಾಗು ಮುರಕಲ್ಲಿನ ಮೆಟ್ಟಿಲು ಇಳಿಯಬೇಕು, ತೋಟದ ದಾರಿಯಲ್ಲಿ ಮಾರ್ಗದವರೆಗೆ ಬರಬೇಕು, ಬಸ್ಸಿನಲ್ಲಿ ಜನರ ಕಾಲಿನ ನಡುವೆ ನಿಲ್ಲಬೇಕು. ರೈಲಾದರೆ ಮೇಲ್ಸೇತುವೆ ಹತ್ತಿ ಇಳಿಯುವುದು ಬೇರೆ. ಅಂಗಡಿಯಲ್ಲಿ ಬ್ಯಾಗು ಉರುಳಿಸಿ ತೋರಿಸುವಂಥ ನುಣುಪು ನೆಲ ಇಡೀ ಪ್ರಯಾಣದಲ್ಲಿ ಸಿಗುವುದು ಟರ್ಮಿನಲ್ ಒಳಗಿನ ಸ್ವಲ್ಪ ದೂರಕ್ಕೆ ಮಾತ್ರ. ಹಾಗಾಗಿ ಈ ಹೋಲಿಕೆಯಲ್ಲಿ ಬ್ಯಾಗನ್ನು ಮನೆಯ ಜಗಲಿಯಿಂದ ವಿಮಾನದ ಸೀಟಿನವರೆಗೆ ನೋಡಿದ್ದೇವೆ.

ತೆಗೆದುಕೊಂಡದ್ದು ನಾಲ್ಕು ಬಗೆ: ಪಾಲಿಕಾರ್ಬೊನೇಟಿನ ಗಟ್ಟಿ ಚಿಪ್ಪಿನ, ನಾಲ್ಕು ಚಕ್ರದ ಟ್ರಾಲಿ, ಬಟ್ಟೆಯ, ಎರಡು ಚಕ್ರದ ಟ್ರಾಲಿ, ಸೂಟ್‌ಕೇಸಿನ ಹಾಗೆ ಪೂರ್ತಿ ತೆರೆಯುವ ಬೆನ್ನುಚೀಲ, ಹೆಗಲಿಗೆ ಹಾಕುವ ಡಫಲ್. ನಾಲ್ಕಕ್ಕೂ ತುಂಬಿದ್ದು ಒಂದೇ ಸಾಮಾನು.

ಮೊದಲು ತೂಕ, ಆಮೇಲೆ ಉಳಿದದ್ದು

ನಮ್ಮ ದೇಶದ ವಿಮಾನಗಳಲ್ಲಿ ಇಕಾನಮಿಯವರಿಗೆ ಕೈಬ್ಯಾಗಿನ ಮಿತಿ ಸಾಮಾನ್ಯವಾಗಿ 7 ಕಿಲೋ. ಆ ಏಳರಲ್ಲಿ ಬ್ಯಾಗಿನ ತೂಕವೂ ಸೇರಿತು. ಕೊಳ್ಳುವಾಗ ಹೆಚ್ಚಿನವರು ಲೀಟರ್ ನೋಡುತ್ತಾರೆ, ಜೇಬು ಎಣಿಸುತ್ತಾರೆ, ಬಣ್ಣ ನೋಡುತ್ತಾರೆ. ಖಾಲಿ ಬ್ಯಾಗಿನ ತೂಕ ಕೇಳುವವರು ಕಡಿಮೆ. ಕೌಂಟರಿನಲ್ಲಿ ಕೈಕೊಡುವುದು ಅದೇ.

ನಾಲ್ಕೈದು ದಿನದ ಸಾಮಾನಿನ ಲೆಕ್ಕ ಹೀಗೆ: ಅಂಗಿ ಮೂರು, 700 ಗ್ರಾಂ. ಹತ್ತಿಯ ಪ್ಯಾಂಟು ಒಂದು, 500. ಮುಂಡು ಒಂದು, 300. ಒಳಉಡುಪು, ಕಾಲುಚೀಲ 400. ಬೈರಾಸು 150 (ಟರ್ಕಿ ಟವೆಲ್ ಆದರೆ ಅದೊಂದೇ 400 ದಾಟುತ್ತದೆ, ಮಳೆಗಾಲದಲ್ಲಿ ಒಣಗುವುದೂ ಇಲ್ಲ). ಸೋಪು, ಬ್ರಷ್, ಎಣ್ಣೆ, ಔಷಧಿ 400. ಚಪ್ಪಲಿ 400. ಲ್ಯಾಪ್‌ಟಾಪ್ ಮತ್ತು ಅದರ ಚಾರ್ಜರ್ 1,800. ಪವರ್ ಬ್ಯಾಂಕು, ವಯರುಗಳು 500. ಖಾಲಿ ನೀರಿನ ಬಾಟ್ಲಿ 200, ಕಾಗದಪತ್ರದ ಫೈಲು 200. ಒಟ್ಟು 5 ಕಿಲೋ 550 ಗ್ರಾಂ.

ಇದಕ್ಕೆ ಬ್ಯಾಗಿನ ತೂಕ ಕೂಡಿಸಿ. ಗಟ್ಟಿ ಚಿಪ್ಪಿನದು 2.8 ಕಿಲೋ: ಒಟ್ಟು 8.35. ಬಟ್ಟೆಯ ಟ್ರಾಲಿ 2.4: ಒಟ್ಟು 7.95. ಬೆನ್ನುಚೀಲ 1.3: ಒಟ್ಟು 6.85. ಡಫಲ್ 0.8: ಒಟ್ಟು 6.35. ಸಾಮಾನು ಅದೇ ಇದ್ದರೂ ಟ್ರಾಲಿ ಎರಡೂ ಮಿತಿ ಮೀರಿದವು, ಬೆನ್ನುಚೀಲ ಅಂಚಿನಲ್ಲಿ ಪಾಸಾಯಿತು, ಡಫಲಿನಲ್ಲಿ ಅರ್ಧ ಕಿಲೋ ಹಲಸಿನ ಹಪ್ಪಳಕ್ಕೂ ಜಾಗ ಉಳಿಯಿತು. ಕೆಲವು ವಿಮಾನಗಳಲ್ಲಿ ಲ್ಯಾಪ್‌ಟಾಪ್ ಚೀಲವನ್ನು ಬೇರೆಯಾಗಿ ಬಿಡುತ್ತಾರೆ, ಕೆಲವರಲ್ಲಿ ಅದನ್ನೂ ಏಳರಲ್ಲೇ ಸೇರಿಸುತ್ತಾರೆ. ಟಿಕೆಟಿನಲ್ಲಿ ಬರೆದದ್ದನ್ನು ಓದಿಯೇ ಹೊರಡಬೇಕು.

ಖಾಲಿ ತೂಕ 1.5 ಕಿಲೋ ಒಳಗಿರುವ ಬ್ಯಾಗು ಮಾತ್ರ ಈ ಮಿತಿಗೆ ಸರಿಹೊಂದುತ್ತದೆ ಎಂಬುದು ನಮ್ಮ ತೀರ್ಮಾನ. ಚಕ್ರ, ಅಲ್ಯೂಮಿನಿಯಂ ಕೊಳವೆ, ಹಿಡಿಕೆ ಇವೆಲ್ಲ ಸೇರಿದರೆ ಆ ಮಿತಿಯೊಳಗೆ ಬಾಳಿಕೆ ಬರುವ ಟ್ರಾಲಿ ಸಿಗುವುದು ಬಹಳ ಕಷ್ಟ.

ಅಳತೆಯ ಒಂದು ತೊಡಕು

ಇಂಡಿಗೋದ ಅಳತೆ 55×35×25 ಸೆಂ.ಮೀ. ಏರ್ ಇಂಡಿಯಾದ್ದು 55×40×20. ಎರಡನ್ನೂ ಕೂಡಿಸಿದರೆ 115 ಬರುತ್ತದೆ, ಆದರೆ ಆಕಾರ ಬೇರೆ. 25 ಸೆಂ.ಮೀ. ದಪ್ಪದ ಬ್ಯಾಗು ಒಂದರಲ್ಲಿ ಸರಿ, ಇನ್ನೊಂದರಲ್ಲಿ ಹೆಚ್ಚು. ಎರಡಕ್ಕೂ ಹೊಂದಬೇಕಾದರೆ 55×35×20, ಅಂದರೆ ಹೊರಗಿನ ಲೆಕ್ಕದಲ್ಲಿ 38.5 ಲೀಟರ್. ಹೀಗಾಗಿ 45 ಲೀಟರ್ ಎಂದು ಬರೆದ ಬೆನ್ನುಚೀಲವನ್ನು ‘ಕ್ಯಾಬಿನ್ ಸೈಜ್’ ಎಂದು ಕೊಟ್ಟರೆ ಅನುಮಾನಿಸಿ. 35ರಿಂದ 38 ಲೀಟರ್ ಸಾಕು. ಅಷ್ಟು ಜಾಗ ತುಂಬುವುದರೊಳಗೆ ಹೇಗೂ ಏಳು ಕಿಲೋ ಮುಗಿದಿರುತ್ತದೆ.

ಬಟ್ಟೆಯ ಬ್ಯಾಗಿಗೆ ಇಲ್ಲಿ ಒಂದು ಅನುಕೂಲ ಇದೆ. ಎರಡು ಅಂಗಿ ತೆಗೆದು ಪಟ್ಟಿ ಎಳೆದರೆ 25 ಇದ್ದದ್ದು 20ಕ್ಕೆ ಕುಗ್ಗುತ್ತದೆ. ಗಟ್ಟಿ ಚಿಪ್ಪು ಒಳಗೆ ಖಾಲಿ ಇದ್ದರೂ ಅಷ್ಟೇ ದಪ್ಪ. ಅಳೆಯುವಾಗ ಚಕ್ರದ ತಳದಿಂದ ಹಿಡಿಕೆಯ ತುದಿಯವರೆಗೆ ಟೇಪು ಹಿಡಿಯಬೇಕು. ನಾಲ್ಕು ಚಕ್ರದ ಟ್ರಾಲಿಯಲ್ಲಿ ಚಕ್ರಕ್ಕೇ 4–5 ಸೆಂ.ಮೀ. ಹೋಗುವುದರಿಂದ 55ರ ಒಳಗೆ ಪೆಟ್ಟಿಗೆಗೆ ಸಿಗುವುದು 50ರಷ್ಟೇ. ಹಿಡಿಕೆಯ ಕೊಳವೆಗಳು ಒಳಬದಿಯ ಹಿಂಭಾಗದಲ್ಲಿ ಎರಡು ದಿಣ್ಣೆಗಳಂತೆ ಏಳುತ್ತವೆ. ಅವುಗಳ ನಡುವಿನ ತಗ್ಗಿಗೆ ಮೊದಲು ಕಾಲುಚೀಲ, ಬೈರಾಸು ಸುತ್ತಿ ತುರುಕಿ ಸಮ ಮಾಡಿ, ಆಮೇಲೆ ಅಂಗಿ ಮಡಚಿ ಇಡಬೇಕು. ಇಲ್ಲದಿದ್ದರೆ ಅಂಗಿಯ ಮೇಲೆ ಎರಡು ಗೆರೆ ಬೀಳುವುದು ಖಂಡಿತ.

ಮಂಗಳೂರು, ಕಣ್ಣೂರು ಎರಡೂ ಕಡೆ ಎಟಿಆರ್‌ನ ಸಣ್ಣ ವಿಮಾನಗಳು ಬರುತ್ತವೆ. ಅವುಗಳಲ್ಲಿ ತಲೆಯ ಮೇಲಿನ ಗೂಡು ಚಿಕ್ಕದು. ಅಳತೆಯೊಳಗಿರುವ ಟ್ರಾಲಿಯನ್ನೂ ಏಣಿಯ ಬಳಿ ತೆಗೆದುಕೊಂಡು ಕೆಳಗಿನ ಸಾಮಾನಿನ ಜೊತೆ ಹಾಕುವುದುಂಟು. ಪವರ್ ಬ್ಯಾಂಕು ಹಾಗೆ ಹೋಗುವಂತಿಲ್ಲ, ಅದು ನಿಮ್ಮ ಜೊತೆಯೇ ಇರಬೇಕು. ಆದ್ದರಿಂದ ಪವರ್ ಬ್ಯಾಂಕು, ಔಷಧಿ, ಪಾಸ್‌ಪೋರ್ಟು, ಚಿನ್ನ ಎಲ್ಲ ಒಂದೇ ಸಣ್ಣ ಸಂಚಿಯಲ್ಲಿರಲಿ, ಒಂದೇ ಸಲ ಎಳೆದು ತೆಗೆಯುವ ಹಾಗೆ ಮುಂದಿನ ಜೇಬಿನಲ್ಲಿರಲಿ. ಮುಂದೆ ಜೇಬೇ ಇಲ್ಲದ ಗಟ್ಟಿ ಚಿಪ್ಪಿನ ಟ್ರಾಲಿಯಲ್ಲಿ ಇದಕ್ಕಾಗಿ ಬಿಸಿಲಲ್ಲಿ ನಿಂತು ಇಡೀ ಪೆಟ್ಟಿಗೆ ಬಿಚ್ಚಬೇಕಾಗುತ್ತದೆ. ಪವರ್ ಬ್ಯಾಂಕಿನ ಮಿತಿ 100 ವ್ಯಾಟ್-ಅವರ್. 20,000 ಎಂಎಎಚ್ ಅನ್ನು 3.7 ವೋಲ್ಟಿನಿಂದ ಗುಣಿಸಿ 1,000ದಿಂದ ಭಾಗಿಸಿದರೆ 74, ಅಡ್ಡಿಯಿಲ್ಲ. ಆದರೆ ಮೇಲೆ ಬರೆದ ಅಂಕೆ ಅಳಿಸಿಹೋಗಿದ್ದರೆ ತಪಾಸಣೆಯಲ್ಲಿ ತೆಗೆದಿಡುತ್ತಾರೆ.

ಚಕ್ರ ಎಲ್ಲಿ ಸೋಲುತ್ತದೆ

ನಾಲ್ಕು ಚಕ್ರದ ಟ್ರಾಲಿ ಟೈಲ್ಸಿನ ಮೇಲೆ ಒಂದು ಬೆರಳಿನಲ್ಲಿ ನಡೆಯುತ್ತದೆ, ಅದು ನಿಜ. ಆದರೆ ಚಕ್ರದ ವ್ಯಾಸ ಬಹಳ ಸಣ್ಣದು, ಅಕ್ಷ ಹೊರಗೆ ಚಾಚಿಕೊಂಡಿರುತ್ತದೆ. ಇಂಟರ್‌ಲಾಕಿನ ಸಂದಿಗೆ, ಜಲ್ಲಿಗೆ, ಹೆದ್ದಾರಿ 66ರ ಕೆಲಸ ನಡೆಯುವ ಕಡೆಯ ಕೆಸರಿಗೆ ಸಿಕ್ಕರೆ ಚಕ್ರ ತಿರುಗುವ ಬದಲು ಅಡ್ಡಕ್ಕೆ ಒತ್ತಡ ಬಿದ್ದು ಅದರ ಕವಲು ಮುರಿಯುತ್ತದೆ. ಬಸ್ಸು ಬ್ರೇಕ್ ಹಾಕಿದಾಗ ತಾನಾಗಿ ಉರುಳುತ್ತದೆ, ಮಲಗಿಸಿ ಇಡದೆ ಬೇರೆ ದಾರಿಯಿಲ್ಲ.

ಎರಡು ಚಕ್ರದ್ದು ಈ ಊರಿಗೆ ಎಷ್ಟೋ ಮೇಲು. ಚಕ್ರ ದೊಡ್ಡದು, ಅರ್ಧ ಭಾಗ ಬ್ಯಾಗಿನ ಮೂಲೆಯ ಒಳಗೆ ಕೂತಿರುತ್ತದೆ, ನಿಲ್ಲಿಸಿದಲ್ಲಿ ನಿಲ್ಲುತ್ತದೆ. ಮುರಕಲ್ಲಿನ ಅಂಗಳದಲ್ಲೂ ಎಳೆಯಬಹುದು. ಮೆಟ್ಟಿಲಿನಲ್ಲಿ ಮಾತ್ರ ಎಳೆದು ಇಳಿಸಬೇಡಿ. ಪ್ರತಿ ಮೆಟ್ಟಿಲಿಗೂ ಇಡೀ ಭಾರ ಹಿಡಿಕೆಯ ಕೊಳವೆಯ ಮೇಲೆ ಕುಕ್ಕುತ್ತದೆ, ಕೊಳವೆ ಬಾಗಿದರೆ ಮತ್ತೆ ಒಳಗೆ ಹೋಗುವುದಿಲ್ಲ. ಬದಿಯ ಹಿಡಿಕೆ ಹಿಡಿದು ಎತ್ತಬೇಕು. ಹಾಗಾಗಿ ಬದಿಯಲ್ಲೂ ಹಿಡಿಕೆ ಇಲ್ಲದ ಟ್ರಾಲಿ ಕೊಳ್ಳಲೇಬಾರದು. ಕುಂಬಳೆ, ಉಪ್ಪಳ, ಮಂಜೇಶ್ವರದಂಥ ನಿಲ್ದಾಣಗಳಲ್ಲಿ ರೈಲು ನಿಲ್ಲುವುದು ಒಂದೆರಡು ನಿಮಿಷ. ಆ ಗಡಿಬಿಡಿಯಲ್ಲಿ ಬೋಗಿಗೆ ಬ್ಯಾಗು ಎತ್ತಿ ಹಾಕುವಾಗ ಕೈಗೆ ಸಿಗುವುದು ಬದಿಯ ಹಿಡಿಕೆಯೇ.

ಬೆನ್ನುನೋವು ಇರುವವರು, ಮಂಡಿ ಅಥವಾ ಭುಜದ ತೊಂದರೆ ಇರುವ ಹಿರಿಯರು ಇಂಥ ಎರಡು ಚಕ್ರದ್ದನ್ನೇ ತೆಗೆದುಕೊಳ್ಳಲಿ. ಸಾಮಾನಿನಲ್ಲಿ ಒಂದು ಕಿಲೋ ಕಡಿಮೆ ಮಾಡಿಕೊಂಡರಾಯಿತು. ಉಳಿದವರಿಗೆ ನಮ್ಮ ಆಯ್ಕೆ ಬೆನ್ನುಚೀಲ.

ಬೆನ್ನುಚೀಲದಲ್ಲಿ ಏನು ನೋಡಬೇಕು

ಮೂರು ಬದಿಗೂ ಜಿಪ್ ಬಂದು ಪುಸ್ತಕದ ಹಾಗೆ ತೆರೆಯಬೇಕು. ಮೇಲಿನಿಂದ ಮಾತ್ರ ತೆರೆಯುವ ಚೀಲದಲ್ಲಿ ತಳದ ಮುಂಡು ಬೇಕಾದರೆ ಎಲ್ಲವನ್ನೂ ಹೊರಗೆ ಹರಡಬೇಕು. ಲ್ಯಾಪ್‌ಟಾಪಿನ ಅರೆ ಬೆನ್ನಿಗೆ ತಾಗಿರಬೇಕು. ಭಾರದ ವಸ್ತು ಬೆನ್ನಿನಿಂದ ದೂರ ಹೋದಷ್ಟೂ ಚೀಲ ಹಿಂದಕ್ಕೆ ಎಳೆಯುತ್ತದೆ, ನಾವು ಮುಂದಕ್ಕೆ ಬಾಗುತ್ತೇವೆ, ಕತ್ತು ನೋಯುತ್ತದೆ. ಆ ಅರೆಯ ತಳ ಚೀಲದ ತಳಕ್ಕಿಂತ ಎರಡು ಮೂರು ಸೆಂ.ಮೀ. ಮೇಲಿರಬೇಕು, ಕೈ ಹಾಕಿ ನೋಡಿದರೆ ಗೊತ್ತಾಗುತ್ತದೆ. ಇಲ್ಲದಿದ್ದರೆ ಚೀಲ ನೆಲಕ್ಕೆ ಇಟ್ಟ ಪ್ರತಿ ಸಲವೂ ಪೆಟ್ಟು ಬೀಳುವುದು ಲ್ಯಾಪ್‌ಟಾಪಿನ ಮೂಲೆಗೆ.

ಪಟ್ಟಿ ಚೀಲಕ್ಕೆ ಸೇರುವ ಜಾಗ ಎಲ್ಲಕ್ಕಿಂತ ಮೊದಲು ಕಿತ್ತುಹೋಗುತ್ತದೆ. ಅಲ್ಲಿ ಚೌಕದ ಒಳಗೆ ಗುಣಾಕಾರದ ಗುರುತಿನ ಹೊಲಿಗೆ ಇರಬೇಕು. ಒಂದೇ ಸಾಲಿನ ಹೊಲಿಗೆ ಕಂಡರೆ, ಕೊಂಡ ವಾರದಲ್ಲೇ ಚಪ್ಪಲಿ ಹೊಲಿಯುವವರ ಹತ್ತಿರ ದಪ್ಪ ನೈಲಾನ್ ನೂಲಿನಲ್ಲಿ ಹೊಲಿಸಿಕೊಳ್ಳಿ. ಸೊಂಟದ ಪಟ್ಟಿ ಸೊಂಟದ ಮೂಳೆಯ ಮೇಲೆ ಕೂತರೆ ಮಾತ್ರ ಭುಜದ ಭಾರ ಇಳಿಯುತ್ತದೆ, ಹೊಟ್ಟೆಯ ಮೇಲೆ ಬಂದರೆ ಉಪಯೋಗವಿಲ್ಲ. ಎತ್ತರ ಕಡಿಮೆ ಇರುವವರಿಗೆ 55 ಸೆಂ.ಮೀ. ಚೀಲ ಕೆಳಗೆ ಬಡಿಯುತ್ತದೆ, ಅವರಿಗೆ 48–50ರದ್ದು ಸಾಕು.

ಒಂದು ದೋಷ ಒಪ್ಪಲೇಬೇಕು. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕರಾವಳಿಯಲ್ಲಿ ಹತ್ತು ನಿಮಿಷ ನಡೆದರೆ ಬೆನ್ನು ಪೂರ್ತಿ ಒದ್ದೆ. ಬಲೆಬಟ್ಟೆಯ ಹಿಂಬದಿ ಇದ್ದರೆ ಸ್ವಲ್ಪ ಕಡಿಮೆ, ಅಷ್ಟೆ.

ಡಫಲಿಗೆ ತೂಕ ಒಂದೇ ಗುಣ. ಒಂದೇ ಭುಜಕ್ಕೆ ಆರು ಕಿಲೋ ಹಾಕಿ ಮೇಲ್ಸೇತುವೆ ದಾಟಿದರೆ ಸಾಕೆನಿಸುತ್ತದೆ. ಒಂದು ರಾತ್ರಿಯ ಪೂಜೆಗೋ ಮದುವೆಗೋ ಹೋಗಿ ಬರಲು ಒಳ್ಳೆಯದು.

ಮಳೆ, ಉಪ್ಪುಗಾಳಿ, ಬೂಷ್ಟು

ಜೂನಿನ ಮಳೆಗೆ ಗಟ್ಟಿ ಚಿಪ್ಪೇ ಗೆಲ್ಲುತ್ತದೆ ಎಂದು ಅನಿಸಬಹುದು. ಚಿಪ್ಪಿನಲ್ಲಿ ನೀರು ಇಳಿಯುವುದಿಲ್ಲ, ಆದರೆ ಎರಡು ಹೋಳು ಸೇರುವಲ್ಲಿನ ಜಿಪ್ಪಿನಲ್ಲಿ ಇಳಿಯುತ್ತದೆ. ಬೆನ್ನುಚೀಲದ ಮಳೆಹೊದಿಕೆ ಬೆನ್ನಿನ ಬದಿಯನ್ನು ಮುಚ್ಚುವುದೇ ಇಲ್ಲ. ಕೊಡೆಯಿಂದ ಸುರಿದ ನೀರು ಬೆನ್ನಿನ ಮೇಲಿಂದ ಜಾರಿ ನೇರ ಲ್ಯಾಪ್‌ಟಾಪಿನ ಅರೆಗೆ ಹೋಗುತ್ತದೆ. ಹೊದಿಕೆಗಿಂತ, ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟು ಅದರಲ್ಲಿ ಬಟ್ಟೆ ತುಂಬಿ ಬಾಯಿ ಮೂರು ಸುತ್ತು ಮಡಚುವುದು ಮೇಲು. ಲ್ಯಾಪ್‌ಟಾಪಿಗೆ ಬೇರೆ ಪ್ಲಾಸ್ಟಿಕ್ ಕವರು.

ಬಟ್ಟೆಯ ಬ್ಯಾಗಿನ ಒಳಮೈಗೆ ನೀರು ತಡೆಯಲು ಪಾಲಿಯುರಿಥೇನ್ ಲೇಪ ಇರುತ್ತದೆ. ತೇವ ಮತ್ತು ಸೆಖೆ ಸೇರಿದರೆ ಆ ಲೇಪ ನಿಧಾನವಾಗಿ ಒಡೆಯುತ್ತದೆ: ಮೊದಲು ಅಂಟು ಅಂಟು, ಆಮೇಲೆ ಬಿಳಿ ಹೊಟ್ಟಿನ ಹಾಗೆ ಉದುರಿ ಬಟ್ಟೆಗೆಲ್ಲ ಮೆತ್ತುತ್ತದೆ. ಹೆಚ್ಚು ಬಳಸದೆ ಅಟ್ಟದಲ್ಲಿ ಇಟ್ಟ ಬ್ಯಾಗೇ ಹೀಗೆ ಹಾಳಾಗುವುದು ಇದರಿಂದ. ಅಗ್ಗದ ಟ್ರಾಲಿಯ ಚಕ್ರದ ಹೊರಪದರ ಪುಡಿಯಾಗುವುದಕ್ಕೂ ಹೆಚ್ಚಾಗಿ ಇದೇ ಕಾರಣ.

ಬಟ್ಟೆಯ ಮೇಲೆ 600ಡಿ, 840ಡಿ ಎಂದು ಬರೆದಿರುವುದು ನೂಲಿನ ದಪ್ಪ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಅಂಕೆ ದೊಡ್ಡದಾದಷ್ಟೂ ಬಟ್ಟೆ ಭಾರ. ಏಳು ಕಿಲೋ ಮಿತಿಗೆ 420 ಡೆನಿಯರಿನ ನೈಲಾನ್ ಸಾಕು. ತಳಕ್ಕೆ ಮಾತ್ರ 840 ಇದ್ದರೆ ಒಳ್ಳೆಯದು.

ಮುಖ್ಯ ಜಿಪ್ 8 ಅಥವಾ 10ನೇ ನಂಬರಿನದಿರಲಿ. 5ರದ್ದು ಜೇಬಿಗೆ ಸರಿ, ತುಂಬಿದ ಚೀಲದ ಒತ್ತಡಕ್ಕೆ ಬಾಯಿ ಬಿಡುತ್ತದೆ. ಜಿಪ್ ಹಿಂದಿನಿಂದ ಬಿಟ್ಟುಕೊಳ್ಳುತ್ತಿದ್ದರೆ ಹಲ್ಲು ಹೋಗಿದೆ ಎಂದುಕೊಳ್ಳಬೇಡಿ, ಹೆಚ್ಚಾಗಿ ರನ್ನರ್ ಅಗಲವಾಗಿರುತ್ತದೆ. ಇಕ್ಕಳದಿಂದ ಅದರ ಎರಡೂ ಬದಿಯನ್ನು ಸ್ವಲ್ಪ ಸ್ವಲ್ಪವೇ ಒತ್ತಿ, ಪ್ರತಿ ಸಲ ಎಳೆದು ನೋಡಿ. ಒಮ್ಮೆಲೇ ಒತ್ತಿದರೆ ರನ್ನರ್ ಸೀಳುತ್ತದೆ. ಉಪ್ಪುಗಾಳಿಗೆ ಬಿಗಿಯಾದ ಜಿಪ್ಪಿಗೆ ಮೇಣದ ಬತ್ತಿ ಉಜ್ಜಿ. ತೆಂಗಿನೆಣ್ಣೆ ಹಚ್ಚಿದರೆ ಆ ದಿನ ಸಲೀಸು, ತಿಂಗಳಲ್ಲಿ ಧೂಳು ಕೂತು ಮೊದಲಿಗಿಂತ ಬಿಗಿ.

ಎಣ್ಣೆಯ ಮಾತು ಬಂತು. ವಿದೇಶಕ್ಕೆ ಹೋಗುವವರು ಕೈಬ್ಯಾಗಿನಲ್ಲಿ ಒಯ್ಯುವ ದ್ರವ ಪ್ರತಿ ಬಾಟ್ಲಿಗೆ 100 ಮಿ.ಲೀ. ಮೀರಬಾರದು, ಎಲ್ಲವೂ ಒಂದು ಲೀಟರಿನ ಪಾರದರ್ಶಕ ಚೀಲದೊಳಗೆ ಹಿಡಿಯಬೇಕು. ತುಪ್ಪ, ಜೇನೂ ಈ ಲೆಕ್ಕಕ್ಕೇ. ವಿಮಾನ ಮೇಲೇರಿದಾಗ ಒಳಗಿನ ಗಾಳಿಯ ಒತ್ತಡ ಇಳಿದು ಬಾಟ್ಲಿಯಲ್ಲಿ ಉಳಿದ ಗಾಳಿ ಹಿಗ್ಗುತ್ತದೆ, ಎಣ್ಣೆಯನ್ನು ಮುಚ್ಚಳದಿಂದ ಹೊರಗೆ ನೂಕುತ್ತದೆ. ಮೆತ್ತಗಿನ ಬಾಟ್ಲಿಯನ್ನು ಅದುಮಿ ಗಾಳಿ ತೆಗೆದು, ಬಾಯಿಗೆ ಪ್ಲಾಸ್ಟಿಕ್ ಚೂರು ಇಟ್ಟು ಮುಚ್ಚಳ ತಿರುಗಿಸಿ. ಒಣ ಕೊಬ್ಬರಿ ಬೇಡ. ಎಣ್ಣೆಯಂಶದಿಂದ ತಾನಾಗಿ ಕಾದು ಹೊತ್ತಿಕೊಳ್ಳಬಹುದಾದ ವಸ್ತುಗಳ ಪಟ್ಟಿಯಲ್ಲಿ ಅದಿದೆ. ದುಬೈ, ಅಬುಧಾಬಿಗೆ ಹೋಗುವವರು ಗಸಗಸೆಯನ್ನು ಒಂದು ಚಮಚವೂ ಒಯ್ಯಬಾರದು, ಅಲ್ಲಿ ಅದು ಕಾನೂನಿನ ಪ್ರಕಾರ ನಿಷಿದ್ಧ.

ಮನೆಗೆ ಬಂದ ಮೇಲೆ ಬ್ಯಾಗನ್ನು ಪೂರ್ತಿ ಖಾಲಿ ಮಾಡಿ, ಜೇಬುಗಳನ್ನೆಲ್ಲ ಹೊರಮಗುಚಿ ಒಂದು ದಿನ ನೆರಳಿನಲ್ಲಿ ಗಾಳಿಗಿಡಿ. ಚಕ್ರದ ಅಕ್ಷಕ್ಕೆ ಸುತ್ತಿಕೊಂಡ ಕೂದಲು, ನೂಲನ್ನು ಬ್ಲೇಡಿನಿಂದ ಕತ್ತರಿಸಿ ತೆಗೆಯಿರಿ. ಜಿಪ್ ಅರ್ಧ ತೆರೆದೇ ಇರಲಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ. ಹಳೆಯ ಹತ್ತಿ ಮುಂಡಿನಲ್ಲಿ ಸುತ್ತಿ ಕಪಾಟಿನ ಮೇಲಿಡಿ, ಆಟಿ ತಿಂಗಳಲ್ಲಿ ಬಿಸಿಲು ಕಂಡ ದಿನ ಒಮ್ಮೆ ಹೊರಗೆ ತೆಗೆಯಿರಿ.