ಮಾರಿಸ್ ಮೈನರ್ 1000: ದುರ್ಗದ ಬಿಸಿಲಿಗೆ ತಡೆಯುತ್ತಾ?

ಬೆಂಗಳೂರಿಂದ ಚಿತ್ರದುರ್ಗಕ್ಕೆ ಸುಮಾರು 200 ಕಿ.ಮೀ., ಅಲ್ಲಿಂದ ದಾವಣಗೆರೆಗೆ ಇನ್ನೊಂದು 60. ಹಳೇ ಬ್ರಿಟಿಷ್ ಕಾರು ಮಾರಿಸ್ ಮೈನರ್‌ಗೆ ಇದು ಹೆಚ್ಚೇನಲ್ಲ, ಆದರೆ ವೇಗ ಗಂಟೆಗೆ 75 ಕಿ.ಮೀ. ದಾಟಿಸಬೇಡಿ. 1956ರ 948 ಸಿಸಿ ಎಂಜಿನ್ ಏರಿನಲ್ಲಿ ಏದುಸಿರು ಬಿಡುತ್ತದೆ. ಕೊಳ್ಳುವುದಾದರೆ 1962ರ ನಂತರದ 1098 ಸಿಸಿಯದನ್ನೇ ನೋಡಿ: ಮುಂದಿನ ಬ್ರೇಕ್ ಡ್ರಮ್ 7ರ ಬದಲು 8 ಇಂಚು. ಹೆದ್ದಾರಿಯಲ್ಲಿ ಲಾರಿ ಹಿಂದೆ ಹೋಗುವಾಗ ಆ ಒಂದು ಇಂಚಿನ ಬೆಲೆ ಗೊತ್ತಾಗುತ್ತದೆ.

ಈ ಗಾಡಿಯ ನಿಜವಾದ ಗಂಡಾಂತರ ಎಂಜಿನ್ ಅಲ್ಲ, ಮುಂದಿನ ಚಕ್ರ ತಿರುಗಲು ಇರುವ ಟ್ರನಿಯನ್ ಎಂಬ ಕೀಲು. ಗ್ರೀಸ್ ಒಣಗಿದರೆ ಅದರ ಕೆಳಗಿನ ತಿರುಪಿನ ಎಳೆ ಸವೆದು, ಒಂದು ದಿನ ಚಕ್ರವೇ ಮಡಚಿಕೊಂಡು ಕೂರುತ್ತದೆ. 1,600 ಕಿ.ಮೀ.ಗೊಮ್ಮೆ ಜಾಕ್ ಹಾಕಿ, ಚಕ್ರದ ಮೇಲಿನ ಭಾರ ಇಳಿಸಿ, ಪ್ರತಿ ಬದಿಯ ಮೇಲಿನ, ಕೆಳಗಿನ ಗ್ರೀಸ್ ನಿಪ್ಪಲ್‌ಗೆ (ಗ್ರೀಸ್ ತುಂಬುವ ಮೂತಿಗೆ) ಗ್ರೀಸ್ ಗನ್ ಒತ್ತಿ. ಹಳೇ ಕಪ್ಪು ಗ್ರೀಸ್ ಹೋಗಿ ಹೊಸದು ಹೊರಗೆ ಇಣುಕುವ ತನಕ ಒತ್ತಬೇಕು. ಮೆಕ್ಯಾನಿಕ್ "ಆಯ್ತು ಬಿಡಿ ಸಾರ್" ಅಂದರೂ ಬಗ್ಗಿ ನೋಡಿ.

ಎಂಜಿನ್‌ಗೆ ಪೆಟ್ರೋಲ್ ಒದಗಿಸುವ ಪಂಪ್ ಎಸ್‌ಯು ಕಂಪನಿಯ ಎಲೆಕ್ಟ್ರಿಕ್ ಪಂಪ್. ಕೀ ತಿರುಗಿಸಿದಾಗ ಟಿಕ್ ಟಿಕ್ ಬರದಿದ್ದರೆ ಒಳಗಿನ ಪಾಯಿಂಟ್ (ಕರೆಂಟ್ ಕೂಡಿಸುವ ತುದಿ) ಸುಟ್ಟಿರಬಹುದು; ಪಂಪ್ ಮೆಲ್ಲಗೆ ತಟ್ಟಿದರೆ ಊರು ಸೇರುವಷ್ಟು ದೂರ ಓಡೀತು. ಎಥನಾಲ್ ಪೆಟ್ರೋಲಿಗೆ ಹಳೇ ರಬ್ಬರ್ ಪೈಪ್ ಬಿರಿಯುತ್ತದೆ, ಮೊದಲೇ ಬದಲಿಸಿ. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಪಾಯಿಂಟ್ ಗ್ಯಾಪ್ 0.015 ಇಂಚು, ಸ್ಪಾರ್ಕ್ ಪ್ಲಗ್‌ನದು 0.025.

ಪೆಡಲ್ ಒತ್ತಿದಾಗ ಬ್ರೇಕ್‌ಗಳಿಗೆ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಚಾಲಕನ ಕಾಲಡಿಯ ನೆಲದೊಳಗಿದೆ. ಬ್ರೇಕ್ ಆಯಿಲ್ ನೋಡಲು ಮ್ಯಾಟ್ ಎತ್ತಬೇಕು, ಅದಕ್ಕೇ ಎಲ್ಲರೂ ಮರೆಯುತ್ತಾರೆ. ಪೆಡಲ್ ಮೆತ್ತಗಾಗಿದ್ದರೆ ಬೆಣ್ಣೆ ದೋಸೆ ಆಮೇಲೆ, ಮೊದಲು ಮ್ಯಾಟ್ ಎತ್ತಿ.